ನೀಲಿ ಚೌಕಳಿ ಅಂಗಿ

ಗುರುವಾರ ನಂದಕುಮಾರನ ಅಂಗಡಿಗೆ ರಜೆ. ಅವತ್ತು ಅವನು ಉಗುರಿನ ಸಂದಿಯ ಕಬ್ಬಿಣದ ಪುಡಿಯನ್ನೆಲ್ಲ ಸೋಪು ಹಾಕಿ ಉಜ್ಜಿ ತೆಗೆದು, ತಲೆ ಬಾಚಿಕೊಂಡು, ಗಂಗಮ್ಮ ಸರ್ಕಲ್ಲಿನಲ್ಲಿ ವಿದ್ಯಾರಣ್ಯಪುರದ ಬಸ್ಸು ಹತ್ತುತ್ತಿದ್ದ. ಬಸ್ಸು ಎಷ್ಟೇ ಖಾಲಿ ಇರಲಿ, ಅವನಿಗೆ ಬೇಕಾದದ್ದು ಬಲಗಡೆಯ ಕಿಟಕಿ. ಅದು ಸಿಗದಿದ್ದರೆ ಬಸ್ಸನ್ನೇ ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದ. ಕಾಲೇಜು ಹುಡುಗರು ಯಾವಳೋ ಹುಡುಗಿಯ ಮನೆ ಮುಂದೆ ಹಾದುಹೋಗಲು ಹೀಗೆಲ್ಲ ಮಾಡುವುದುಂಟು. ನಲವತ್ತಾರು ವರ್ಷದ, ಕಿವಿಯ ಹತ್ತಿರ ಕೂದಲು ಬೆಳ್ಳಗಾದ ಈ ಮನುಷ್ಯ ಮಾಡುತ್ತಿದ್ದದ್ದು ಸ್ವಂತ ಹೆಂಡತಿ ಒಣಗಹಾಕಿದ ಬಟ್ಟೆ ನೋಡುವುದಕ್ಕೆ.

ಕೊನೆಯ ಸ್ಟಾಪಿಗೆ ಮುಂಚೆ ರಸ್ತೆಯಲ್ಲೊಂದು ಹಂಪ್ ಇದೆ. ಅಲ್ಲಿ ಬಸ್ಸು ನಿಧಾನವಾದಾಗ ಅಡ್ಡರಸ್ತೆಯ ಮೂರನೇ ಮನೆಯ ತಾರಸಿ ಪೂರ್ತಿ ಕಾಣುತ್ತದೆ. ಅಲ್ಲಿ ತಂತಿಯ ಮೇಲೆ ಕಲಾವತಿಯ ಸೀರೆ, ಮಗಳು ಮೋನಿಷಾಳ ಸ್ಕೂಲಿನ ಚೂಡಿದಾರ, ಅವೆರಡರ ನಡುವೆ ಅವನದೇ ನೀಲಿ ಚೌಕಳಿಯ ಅಂಗಿ. ಮನೆ ಬಿಟ್ಟು ಬರುವಾಗ ಬಾಗಿಲ ಹಿಂದಿನ ಮೊಳೆಯಲ್ಲಿ ಮರೆತುಬಂದ ಅಂಗಿ. ಹಿಂದೆಯೂ ಅವನ ಬಟ್ಟೆ ಒಗೆಯುತ್ತಿದ್ದ ವಾರ ಅದೇ ಆಗಿತ್ತು. ಈಗ ಒಗೆಯಲು ಅದೊಂದೇ ಉಳಿದಿತ್ತು, ಆದರೂ ವಾರ ತಪ್ಪಿರಲಿಲ್ಲ. ಅದನ್ನು ನೋಡಲು ಸಿಗುತ್ತಿದ್ದದ್ದು ಎಣಿಸಿ ನಾಲ್ಕು ಕ್ಷಣ. ಆ ನಾಲ್ಕು ಕ್ಷಣದಲ್ಲಿ ಅವನು ಒಂದು ವಾರ ಬದುಕುತ್ತಿದ್ದ.

ಸ್ವಂತ ಹೆಂಡತಿ ಎಂದೆ. ಕಾಗದದ ಪ್ರಕಾರ ಅದು ತಪ್ಪು. ಹದಿನೇಳು ತಿಂಗಳ ಹಿಂದೆ ಕೋರ್ಟು ಅವರಿಬ್ಬರಿಗೂ ವಿಚ್ಛೇದನ ಕೊಟ್ಟಿತ್ತು. ಕೇಳಿದ್ದು ಇವರೇ. ಹೇಳಿಕೊಟ್ಟವನು ಮಾತ್ರ ಶೇಖರಪ್ಪ.

ನಂದಕುಮಾರನದು ಶೆಟ್ಟಿಹಳ್ಳಿಯಲ್ಲಿ ಗ್ರಿಲ್ಲು, ಗೇಟು, ರೋಲಿಂಗ್ ಷಟರ್ ಮಾಡುವ ವೆಲ್ಡಿಂಗ್ ಅಂಗಡಿ. ಕೈ ಒಳ್ಳೆಯದು, ಮಾತು ಕಮ್ಮಿ, ಆಸೆ ಮಾತ್ರ ಸ್ವಲ್ಪ ಜಾಸ್ತಿ. ಹೆಬ್ಬಾಳದ ಆಚೆ ಎದ್ದ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕಿಟಕಿ ಗ್ರಿಲ್ಲುಗಳನ್ನೆಲ್ಲ ಒಬ್ಬನೇ ಒಪ್ಪಿಕೊಂಡ. ಕಬ್ಬಿಣ ಸಾಲಕ್ಕೆ ತಂದ, ಕೂಲಿಗೆ ಬ್ಯಾಂಕಿನಲ್ಲಿ ತೆಗೆದ, ಬ್ಯಾಂಕಿನ ಕಂತಿಗೆ ಕ್ರೆಡಿಟ್ ಕಾರ್ಡು ಉಜ್ಜಿದ, ಕಾರ್ಡಿನ ಬಿಲ್ಲಿಗೆ ಬಡ್ಡಿಯವನ ಬಾಗಿಲು ತಟ್ಟಿದ. ಕೊನೆಗೆ ಬಿಲ್ಡರು ಆಫೀಸಿಗೆ ಬೀಗ ಹಾಕಿ ಮಾಯವಾದ. ಇವನು ಹಾಕಿದ ಗ್ರಿಲ್ಲುಗಳು ಮಾತ್ರ ಖಾಲಿ ಕಟ್ಟಡದಲ್ಲಿ ಭದ್ರವಾಗಿ ನಿಂತಿದ್ದವು.

ಆಗಲೇ ಸರಿಯಾದ ವಕೀಲನೊಬ್ಬನ ಹತ್ತಿರ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಜನಕ್ಕೆ ವಕೀಲರ ಫೀಸೆಂದರೆ ಭಯ, ಪುಕ್ಕಟೆ ಬುದ್ಧಿಯೆಂದರೆ ಪ್ರಾಣ. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಟೀ ಅಂಗಡಿಯ ಬೆಂಚನ್ನೇ ಚೇಂಬರ್ ಮಾಡಿಕೊಂಡು, ಪತ್ರ ಬರೆಯುತ್ತ, ಬರೆದದ್ದಕ್ಕಿಂತ ಹೆಚ್ಚು ಮಾತಾಡುತ್ತ ಬದುಕುತ್ತಿದ್ದವನು ಶೇಖರಪ್ಪ. ಅವನು ನಂದಕುಮಾರನ ಹೆಗಲ ಮೇಲೆ ಕೈ ಹಾಕಿದ.

"ಐಪಿ ಹಾಕು ಗುರು. ದಿವಾಳಿ ಅಂತ ಕೋರ್ಟಿಗೆ ಅರ್ಜಿ ಕೊಟ್ಟುಬಿಡು, ಒಬ್ಬನೂ ನಿನ್ನ ಕೂದಲು ಕೊಂಕ್ಸೋಕಾಗಲ್ಲ. ಆದ್ರೆ ಅದಕ್ಕೆ ಮುಂಚೆ ಮನೆ ನಿನ್ನ ಹೆಸರಲ್ಲಿ ಇರಬಾರದು. ಸುಮ್ನೆ ಹೆಂಡ್ತಿ ಹೆಸರಿಗೆ ಬರೆದ್ರೆ ಅನುಮಾನ ಬರುತ್ತೆ. ಡಿವೋರ್ಸ್ ತಗೋ, ಜೀವನಾಂಶ ಅಂತ ಮನೆ ಬರ್ಕೊಡು. ಎರಡು ವರ್ಷ ಅವರ ಕಡೆ ತಲೆ ಹಾಕ್ಬೇಡ. ಆಮೇಲೆ ಐಪಿ ಹಾಕು, ಆಮೇಲೆ ಮನೆಗೆ ಹೋಗಿ ಆರಾಮಾಗಿ ಮಲ್ಕೋ. ಬರೀ ಪೇಪರ್ ಡಿವೋರ್ಸ್ ಕಣೋ, ಏನ್ ಆಗಲ್ಲ."

ನಂದಕುಮಾರ್ ಅದನ್ನು ಮನೆಗೆ ಬಂದು ಕಲಾವತಿಗೆ ಹೇಳಿದ. ಕೇಳಲಿಲ್ಲ, ಹೇಳಿದ. ಈ ಎರಡರ ನಡುವಿನ ವ್ಯತ್ಯಾಸ ಅವನಿಗೆ ತಿಳಿಯಲು ಬಹಳ ದಿನ ಬೇಕಾಯಿತು. ಅವಳು ಬೇಳೆ ಆರಿಸುತ್ತ ಕೂತಿದ್ದಳು. ಕೊನೆಗೆ, "ಮೋನಿಷಾಗೆ ಏನಂತ ಹೇಳೋದು?" ಎಂದಷ್ಟೇ ಅಂದಳು.

ಫ್ಯಾಮಿಲಿ ಕೋರ್ಟಿನಲ್ಲಿ ಹೇಳಬೇಕಾದದ್ದನ್ನೆಲ್ಲ ಶೇಖರಪ್ಪ ಬಾಯಿಪಾಠ ಮಾಡಿಸಿದ್ದ. ವರ್ಷದಿಂದ ಬೇರೆ ಇದ್ದೇವೆ, ಹೊಂದಾಣಿಕೆ ಇಲ್ಲ, ಯಾರ ಬಲವಂತವೂ ಇಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ಕಲಾವತಿಯನ್ನು ನೋಡಿ, "ಮತ್ತೆ ಒಂದಾಗೋ ಆಸೆ ಏನಾದ್ರೂ ಇದೆಯೇನಮ್ಮಾ?" ಎಂದು ಕೇಳಿದರು. ಅವಳು ಒಂದು ಸಲ ನಂದಕುಮಾರನ ಕಡೆ ನೋಡಿದಳು.

"ಇಲ್ಲ ಸ್ವಾಮಿ."

ಪಾಠದಲ್ಲಿ ಇದ್ದದ್ದೇ ಅದು. ಆಚೆ ಬಂದ ಮೇಲೆ ಇಬ್ಬರೂ ಯಶವಂತಪುರದಲ್ಲಿ ಇಳಿದು ಮಸಾಲೆ ದೋಸೆ ತಿಂದರು. ಅವಳು ತನ್ನ ತಟ್ಟೆಯ ಆಲೂಗೆಡ್ಡೆ ಪಲ್ಯವನ್ನು ಎಂದಿನಂತೆ ಅವನ ತಟ್ಟೆಗೆ ಹಾಕಿದಳು. "ನೋಡಿ, ಜೀವನಾಂಶ," ಎಂದು ನಕ್ಕಳು. ಅವನೂ ನಕ್ಕ. ಆಮೇಲೆ ಅವಳು ಒಂದು ಬಸ್ಸು ಹತ್ತಿದಳು, ಅವನು ಇನ್ನೊಂದು ಹತ್ತಿದ. ಆ ನಗು ಅಂದೇ ಮುಗಿಯಿತು. "ಇಲ್ಲ ಸ್ವಾಮಿ" ಮಾತ್ರ ಮುಗಿಯಲಿಲ್ಲ. ಅಂಗಡಿಯ ಹಿಂದಿನ ಹತ್ತಡಿ ರೂಮಿನಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ ಚಾಪೆ ಹಾಸಿಕೊಂಡು ಮಲಗಿದರೆ ಅದೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಎಷ್ಟು ಸಲೀಸಾಗಿ ಹೇಳಿದಳಲ್ಲ, ಎಂದುಕೊಳ್ಳುತ್ತಿದ್ದ. ಹಾಗೆ ಹೇಳಿಸಿದವನು ತಾನೇ ಎಂಬುದು ಆಗ ನೆನಪಾಗುತ್ತಿರಲಿಲ್ಲ.

ಮೊದಲೆಲ್ಲ ದಿನಾ ಫೋನು. ಸಾರು ಏನು, ಮೋನಿಷಾಗೆ ಲೆಕ್ಕದಲ್ಲಿ ಎಷ್ಟು ಬಂತು, ನೀರು ಬಿಡುವವನು ಸಂಪು ತುಂಬಿಸಿದನೋ ಇಲ್ಲವೋ. ಆಮೇಲೆ ವಸೂಲಿಯವರು ಮನೆ ಬಾಗಿಲಿಗೆ ಬರತೊಡಗಿದರು. "ಅವರಿಗೂ ನನಗೂ ಸಂಬಂಧ ಇಲ್ಲ ಕಣ್ರೀ, ಬೇಕಾದ್ರೆ ಕೋರ್ಟಿನ ಕಾಗದ ತೋರಿಸ್ತೀನಿ," ಎಂದು ಕಲಾವತಿ ಗೇಟಿನ ಒಳಗಿಂದ ಕೂಗಿ ಹೇಳಬೇಕಾಗುತ್ತಿತ್ತು. ವಾರಕ್ಕೊಂದು ಸಲ, ನಾಲ್ಕು ಮನೆಯವರಿಗೆ ಕೇಳುವಂತೆ. ಮತ್ತೆ ಮತ್ತೆ ಹೇಳಿದ ಮಾತು ನಾಲಿಗೆಗೆ ಒಗ್ಗಿಹೋಗುತ್ತದೆ. ಫೋನು ಎರಡು ದಿನಕ್ಕೊಂದಾಯಿತು, ವಾರಕ್ಕೊಂದಾಯಿತು, ಆಮೇಲೆ ಮೋನಿಷಾಳ ಫೀಸಿನ ವಿಷಯಕ್ಕೆ ಮಾತ್ರ ಆಯಿತು. ಒಂದು ಗುರುವಾರ ಗೇಟಿನ ಮೇಲೆ ಹೊಸ ಬೋರ್ಡು ಕಂಡಿತು: ಕಲಾವತಿ ಲೇಡೀಸ್ ಟೈಲರ್. ಅವಳು ಹೊಲಿಗೆ ಶುರು ಮಾಡಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ತನ್ನ ಕಾಲ ಮೇಲೆ ನಿಂತಳು ಎಂದು ಸಂತೋಷಪಡಬೇಕೋ, ತಾನಿಲ್ಲದೆಯೂ ನಡೆಯುತ್ತದೆ ಎಂದು ಅಳಬೇಕೋ ತಿಳಿಯಲಿಲ್ಲ.

ಅದಕ್ಕೇ ಆ ಅಂಗಿ ಅವನಿಗೆ ಅಷ್ಟು ಮುಖ್ಯ. ಅವಳು ಅದನ್ನು ಏಕೆ ಒಗೆಯುತ್ತಾಳೆಂದು ಅವನು ಕೇಳಿರಲಿಲ್ಲ. ಗಂಡಸಿಲ್ಲದ ಮನೆ, ಕಳ್ಳರಿಗೆ ಗೊತ್ತಾಗದಿರಲಿ ಎಂದು ತಂತಿಯ ಮೇಲೆ ಒಂದು ಅಂಗಿ ಹಾಕುವವರು ಎಷ್ಟೋ ಜನ ಇದ್ದಾರೆ. ಅಷ್ಟೇ ಇರಬಹುದು. ಹಾಗಲ್ಲದೆಯೂ ಇರಬಹುದು. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಹೆದರಿಕೆಗೆ ಕೇಳಿರಲಿಲ್ಲ.

ಎರಡು ವರ್ಷ ತುಂಬಲು ಏಳು ತಿಂಗಳಿದ್ದವು. ಅಷ್ಟರಲ್ಲಿ ಬಡ್ಡಿಯವನ ಕಡೆಯವರು ಅಂಗಡಿಗೆ ನುಗ್ಗಿ ಕಟಿಂಗ್ ಮಷೀನು ಎತ್ತಿಕೊಂಡು ಹೋದರು. ಇನ್ನು ತಡೆಯಲಾಗದು, ಈಗಲೇ ಐಪಿ ಹಾಕಿಬಿಡುತ್ತೇನೆ ಎಂದು ನಂದಕುಮಾರ್ ಹೇಳಿದ್ದು ಯಶವಂತಪುರದ ಕಬ್ಬಿಣದ ವ್ಯಾಪಾರಿ ಅಕ್ಬರ್ ಪಾಷಾ ಅವರ ಹತ್ತಿರ. ಅವರಿಗೂ ಇವನು ಬಾಕಿ. ಆದರೆ ಅವರು ಒಂದು ದಿನವೂ ಬಾಗಿಲಿಗೆ ಬಂದು ಕೂಗಿದವರಲ್ಲ. ತಕ್ಕಡಿಯ ಪಕ್ಕ ಕೂತು ಬೀಡಿ ಹಚ್ಚಿಕೊಳ್ಳುತ್ತ ಅವರು ಕೇಳಿದರು.

"ಯಾರನ್ನ ಕೇಳಿ ಹಾಕ್ತಿದೀಯ?"

"ಶೇಖರಪ್ಪ ಹೇಳಿದ್ರು..."

"ಅವನು ಹೇಳಿದ್ನಾ! ಅವನು ವಕೀಲನಾ? ಹಲ್ಲು ನೋವು ಬಂದ್ರೆ ಕ್ಷೌರದಂಗಡಿಗೆ ಹೋಗ್ತೀಯಾ ನೀನು?" ಪಾಷಾ ಒಂದು ಚೀಟಿ ಹರಿದು ವಿಳಾಸ ಬರೆದರು. "ಆರ್‌.ಟಿ. ನಗರ. ಬೇಕರಿ ಮೇಲಿನ ಮಹಡಿ. ಮುಜಫ್ಫರ್ ಅಂತ. ಸುಳ್ಳು ಹೇಳಲ್ಲ, ಹೇಳೋಕೂ ಬಿಡಲ್ಲ. ನನ್ನ ದುಡ್ಡು ಬರುತ್ತೋ ಹೋಗುತ್ತೋ ಆಮೇಲೆ ನೋಡಾಣ. ಹಾಕೋದಾದ್ರೆ ಸರಿಯಾಗಿ ಹಾಕು."

ಸಾಲ ಕೊಟ್ಟವನೇ ದಿವಾಳಿ ಅರ್ಜಿಗೆ ವಕೀಲರನ್ನು ಹುಡುಕಿಕೊಟ್ಟದ್ದು. ಇಂಥವರೂ ಇರುತ್ತಾರೆ.

ಶನಿವಾರ ನಂದಕುಮಾರ್ ಹೋದ. ಕೆಳಗಿನ ಬೇಕರಿಯಿಂದ ಬೆಣ್ಣೆ ಬಿಸ್ಕತ್ತಿನ ಘಮ ಮೆಟ್ಟಿಲ ಮೇಲೆಲ್ಲ ಹರಡಿತ್ತು. ಮುಜಫ್ಫರ್ ಅರವತ್ತರ ಹತ್ತಿರದ, ಸಣ್ಣ ದನಿಯ ಮನುಷ್ಯ. ಕಾಗದಗಳನ್ನೆಲ್ಲ ಒಂದೊಂದಾಗಿ ಓದಿದರು.

"ಅರ್ಜಿ ಹಾಕೋಕೆ ಮುಂಚೆ ಬಂದ್ರಿ, ಒಳ್ಳೇದಾಯ್ತು. ಹಾಕಿ ಸಿಕ್ಕಾಕೊಂಡ ಮೇಲೆ ಬರೋರೇ ಜಾಸ್ತಿ. ನೋಡಿ, ಇದರಲ್ಲಿ ಎಲ್ಲಾ ಹೇಳ್ಬೇಕು. ಯಾರ್ಯಾರಿಗೆ ಕೊಡಬೇಕು, ನಿಮ್ಮ ಹತ್ರ ಏನೇನಿದೆ, ಹಿಂದೆ ಏನಿತ್ತು, ಅದು ಯಾರಿಗೆ ಹೋಯ್ತು. ಒಂದು ಬಚ್ಚಿಟ್ರೂ ಅರ್ಜಿ ಹಳ್ಳ ಹಿಡೀತು ಅಂತ್ಲೇ. ನಿಮ್ಮ ವೆಲ್ಡಿಂಗ್ ಮಷೀನು, ಪಾತ್ರೆ, ಹಾಸಿಗೆ ಇವನ್ನ ಮುಟ್ಟಲ್ಲ. ದುಡಿಯೋ ಕೈನ ಕಾನೂನು ಕಟ್ಟಾಕಲ್ಲ." ಅವರು ವಿಚ್ಛೇದನದ ಆದೇಶವನ್ನು ಮೇಲಕ್ಕೆತ್ತಿದರು. "ಇದು ಯಾಕಾಯ್ತು?"

"ಹೊಂದಾಣಿಕೆ ಆಗ್ಲಿಲ್ಲ ಸಾರ್."

ಮುಜಫ್ಫರ್ ಆದೇಶದ ಪಕ್ಕ ಮನೆಯ ಪತ್ರವನ್ನು ಇಟ್ಟರು. "ಹೊಂದಾಣಿಕೆ ಆಗದೇ ಇರೋ ಹೆಂಡ್ತಿಗೆ ಇದ್ದ ಒಂದೇ ಮನೇನ ಬರ್ಕೊಟ್ರಿ. ಮೂವತ್ತು ವರ್ಷ ಆಯ್ತು ಕೋರ್ಟಿಗೆ ಹೋಗ್ತಾ, ಇಂಥ ಗಂಡನ್ನ ನಾನು ನೋಡೇ ಇಲ್ಲ."

ಅಷ್ಟು ಸಾಕಾಯಿತು. ನಂದಕುಮಾರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಶೇಖರಪ್ಪನಿಂದ ಹಿಡಿದು ದೋಸೆಯವರೆಗೆ, ಬಲಗಡೆಯ ಕಿಟಕಿಯವರೆಗೆ ಎಲ್ಲವನ್ನೂ ಹೇಳಿದ. ಹದಿನೇಳು ತಿಂಗಳಿಂದ ಯಾರಿಗೂ ಹೇಳದೇ ಇದ್ದದ್ದು ಕಟ್ಟೆ ಒಡೆದಂತೆ ಬಂತು. ಅವನ ಮಾತು ನಿಂತ ಮೇಲೆ ಮುಜಫ್ಫರ್ ಒಂದು ಲೋಟ ನೀರು ಕೊಟ್ಟರು.

"ಅದು ಪೇಪರ್ ಡಿವೋರ್ಸ್ ಅಂದ್ನಲ್ಲ ಆ ಮಹಾನುಭಾವ, ಮದುವೆ ಆಗಿದೆಯೋ, ಡಿವೋರ್ಸ್ ಆಗಿದೆಯೋ ಅಂತ ಕೋರ್ಟಿಗೆ ಗೊತ್ತಾಗೋದೂ ಪೇಪರಲ್ಲೇ. ಇವತ್ತು ಆಕೆ ನಿಮ್ಮ ಹೆಂಡ್ತಿ ಅಲ್ಲ. ಅದು ಮೊದಲು ತಲೇಲಿರ್ಲಿ. ಈಗ ಕೇಳಿ. ನೀವಿಬ್ರೂ ನಿಜವಾಗ್ಲೂ ಬೇರೆ ಆದೋರು ಅಂತಾದ್ರೆ, ಮನೆ ಜೀವನಾಂಶಕ್ಕೆ ಕೊಟ್ಟಿದ್ದು ಅಂತ ವಾದ ಮಾಡಬಹುದು. ಮನೆ ಆಕೆಗೆ ಉಳಿಯೋ ಸಾಧ್ಯತೆ ಇದೆ. ಆದ್ರೆ ಆಮೇಲೆ ನೀವು ಆ ಹೊಸಿಲು ತುಳಿಯೋ ಹಂಗಿಲ್ಲ. ಎರಡು ವರ್ಷ ಅಲ್ಲ, ಯಾವತ್ತೂ. ತುಳಿದ ದಿನ ಸಾಲ ಕೊಟ್ಟೋರಲ್ಲಿ ಒಬ್ಬ ಕೋರ್ಟಿಗೆ ಬಂದು ಇದೆಲ್ಲಾ ನಾಟಕ ಅಂತಾನೆ. ಮನೇನೂ ಹೋಗುತ್ತೆ, ನೀವೂ ಒಳಗೆ ಹೋಗ್ತೀರಿ."

"ಇನ್ನೊಂದು ದಾರಿ ಸಾರ್?"

"ನಿಜ ಹೇಳೋದು. ಮೋಸ ಮಾಡೋಕೆ ಡಿವೋರ್ಸ್ ತಗೊಂಡ್ವಿ, ತಪ್ಪಾಯ್ತು, ಮನೆ ತಗೊಳ್ಳಿ ಅನ್ನೋದು. ಮನೆ ಮಾರಿ ಎಲ್ರಿಗೂ ಹಂಚ್ತಾರೆ. ಜಡ್ಜು ಬೈತಾರೆ, ಸುಳ್ಳು ಹೇಳಿದ್ದಕ್ಕೆ ಬೈಗುಳಕ್ಕಿಂತ ಹೆಚ್ಚೂ ಆಗಬಹುದು. ಪಕ್ಕದಲ್ಲಿ ನಾನು ನಿಂತಿರ್ತೀನಿ. ಎಲ್ಲಾ ಮುಗಿದ ಮೇಲೆ ಆಕೆ ಜೊತೆ ರಸ್ತೇಲಿ ತಲೆ ಎತ್ಕೊಂಡು ನಡೀಬಹುದು." ಅವರು ಕಾಗದಗಳನ್ನು ಜೋಡಿಸಿಟ್ಟರು. "ಸುಳ್ಳನ್ನ ನಿಜ ಮಾಡ್ಕೊಳ್ಳಿ, ಇಲ್ಲಾ ನಿಜ ಹೇಳಿಬಿಡಿ. ಮಧ್ಯದಲ್ಲಿ ನಿಲ್ಲೋಕೆ ಜಾಗ ಇಲ್ಲ. ಮನೆಯೋ ಆಕೆಯೋ, ಒಂದು. ಮುಂದಿನ ಶನಿವಾರ ಬನ್ನಿ. ಆಕೇನೂ ಕೇಳಿ, ಮನೆ ಈಗ ಅವರದು."

ಬಾಗಿಲ ಹತ್ತಿರ ಹೋದವನನ್ನು ಮತ್ತೆ ಕರೆದರು. "ಆ ಮನೇಲಿ ನಿಮ್ಮ ಸಾಮಾನು ಏನಾದ್ರೂ ಇದೆಯಾ? ಬಟ್ಟೆ, ಚಪ್ಪಲಿ?"

"ಒಂದು ಅಂಗಿ ಇದೆ ಸಾರ್."

"ಮೊದಲನೇ ದಾರಿ ಹಿಡಿದ್ರೆ, ಅದು ಇರಬಾರದು."

ಮೂರು ದಿನ ನಂದಕುಮಾರ್ ವೆಲ್ಡಿಂಗ್ ಹೋಲ್ಡರು ಮುಟ್ಟಲಿಲ್ಲ. ಆ ಮನೆಯನ್ನು ಅವನು ಹನ್ನೊಂದು ವರ್ಷ ಕಟ್ಟಿದ್ದ. ಒಂದು ವರ್ಷ ಪಾಯ, ಇನ್ನೊಂದು ವರ್ಷ ಗೋಡೆ, ದುಡ್ಡು ಬಂದ ಹಾಗೆ. ಕಿಟಕಿಗಳ ಕಂಬಿಯನ್ನೆಲ್ಲ ಸ್ವಂತ ಕೈಯಲ್ಲಿ ಬಗ್ಗಿಸಿದ್ದ. ಮೋನಿಷಾ ಈ ಸಲ ಎಸ್ಸೆಸ್ಸೆಲ್ಸಿ. ಅವಳಿಗೆ ತನ್ನದೇ ಒಂದು ಕೋಣೆ, ಕೋಣೆಗೊಂದು ಕಿಟಕಿ. ಕಲಾವತಿಗೆ ಹೊಲಿಗೆಯ ಗಿರಾಕಿಗಳು ಬರುವುದೇ ಆ ಬೀದಿಯಿಂದ. ಅದನ್ನೆಲ್ಲ ಕಿತ್ತುಕೊಂಡು ಅವಳನ್ನು ಈ ಹತ್ತಡಿ ರೂಮಿಗೆ ಕರೆದುಕೊಂಡು ಬಂದು ಏನು ಕೊಡುವುದು? ತನ್ನ ಮುಖವನ್ನೇ? ಅವಳಿಗೆ ಅದು ಬೇಕೋ ಇಲ್ಲವೋ ಅದೇ ಗೊತ್ತಿಲ್ಲ. ಅವಳು ಬೇಕು, ಬೇಕು ಎಂದು ಜೀವ ಹಪಹಪಿಸುತ್ತಿತ್ತು. ಹಾಗೆ ಹಪಹಪಿಸುವುದೇ ಸ್ವಾರ್ಥ ಎಂದು ಅವನು ತೀರ್ಮಾನಿಸಿದ. ಆಕೆಯನ್ನೂ ಕೇಳಿ ಎಂದು ವಕೀಲರು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತ್ಯಾಗ ಮಾಡುವ ಗಂಡಸರಿಗೆ ಇದೊಂದು ದೊಡ್ಡ ಜಾಡ್ಯ. ಯಾರಿಗಾಗಿ ತ್ಯಾಗವೋ ಅವರ ಮಾತು ಮಾತ್ರ ಅವರಿಗೆ ಬೇಡ.

ಬುಧವಾರ ಮಧ್ಯಾಹ್ನ ಅವನು ಹಂಪಿನ ಹತ್ತಿರ ಇಳಿದು ನಡೆದ. ಗೇಟು ಅವನೇ ಮಾಡಿದ್ದು. ಕೆಳಗಿನ ತಿರುಗಣಿ ಸವೆದು ಒಂದು ಕಡೆ ಜಗ್ಗಿತ್ತು. ಒಳಗೆ ಹೊಲಿಗೆ ಮಷೀನಿನ ಸದ್ದು. ಗೇಟು ತಟ್ಟಿದಾಗ ಕಲಾವತಿ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಬಂದಳು. ಸ್ವಲ್ಪ ಇಳಿದಿದ್ದಳು. ಕಣ್ಣಿಗೆ ಕನ್ನಡಕ ಬಂದಿತ್ತು. ಕನ್ನಡಕ ಹಾಕಿಸಿಕೊಳ್ಳುವಾಗ ಅವಳ ಜೊತೆ ಯಾರು ಹೋದರೋ ಎಂದು ಅವನಿಗೆ ಸಂಕಟವಾಯಿತು.

"ಒಳಗೆ ಬನ್ನಿ."

"ಬೇಡ. ಇಲ್ಲೇ ಹೇಳ್ತೀನಿ." ಅವನು ರಸ್ತೆಯಲ್ಲೇ ನಿಂತ. ಗೇಟಿನ ಕಂಬಿಗಳ ನಡುವಿನಿಂದಲೇ ಎಲ್ಲ ಹೇಳಿದ. ಎರಡು ದಾರಿ ಇವೆ ಎಂದ. "ಮನೆ ನಿಂಗೂ ಮೋನಿಷಾಗೂ ಇರ್ಲಿ. ನಾನು ಯೋಚ್ನೆ ಮಾಡಿದೀನಿ. ನಾವು ಬೇರೆ ಆದ್ವಿ ಅಂತಾನೇ ಇರ್ಲಿ ಕಲಾ. ಶನಿವಾರ ಸಹಿ ಹಾಕ್ತೀನಿ. ಇನ್ಮೇಲೆ ಫೋನೂ ಬೇಡ."

ಕಲಾವತಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿಸಿಕೊಂಡಳು. ಅಳಲಿಲ್ಲ, ಜಗಳ ಆಡಲಿಲ್ಲ.

"ಇನ್ನೇನಾದ್ರೂ ಇದೆಯಾ?"

"ಆ ಅಂಗಿ... ತಂತಿ ಮೇಲೆ ಹಾಕ್ತೀಯಲ್ಲ. ಯಾರಾದ್ರೂ ನೋಡಿದ್ರೆ ಕೇಸಿಗೆ ತೊಂದ್ರೆ. ತೆಗೆದುಬಿಡು."

"ಅದು ನಿಮಗೆ ಹೆಂಗೆ ಗೊತ್ತು?"

"ಬಸ್ಸಲ್ಲಿ ಹೋಗ್ತಾ ಒಂದ್ಸಲ ಕಾಣಿಸ್ತು," ಎಂದ. ಒಂದ್ಸಲ! ಸುಳ್ಳಿಗೂ ಒಂದು ಮಿತಿ ಬೇಡವೇ.

"ಕಳ್ಳರ ಕಾಟ ಅಂತ ಹಾಕ್ತಿದ್ದೆ," ಎಂದಳು ಅವಳು. "ಸರಿ, ತೆಗೀತೀನಿ. ಈ ಲಾಯರೂ ಆ ಶೇಖರಪ್ಪನ ಥರಾನೇನಾ?"

"ಅಲ್ಲ. ಒಳ್ಳೆಯವರು. ಆರ್‌.ಟಿ. ನಗರದಲ್ಲಿ, ಬೇಕರಿ ಮೇಲೆ. ಮುಜಫ್ಫರ್ ಅಂತ."

"ಎಷ್ಟೊತ್ತಿಗೆ ಹೋಗ್ಬೇಕು ನೀವು?"

"ಹನ್ನೊಂದಕ್ಕೆ."

ಅವಳು ತಲೆಯಾಡಿಸಿ ಒಳಗೆ ಹೋದಳು. ಮಷೀನಿನ ಸದ್ದು ಮತ್ತೆ ಶುರುವಾಯಿತು. ಕಳ್ಳರ ಕಾಟವಂತೆ. ಕೊನೆಗೂ ಉತ್ತರ ಬಂದಿತ್ತು. ಅವನು ಹಂಪಿನವರೆಗೆ ನಡೆದು ಬಂದದ್ದು ಹೇಗೆಂದು ಅವನಿಗೇ ನೆನಪಿಲ್ಲ.

ಮರುದಿನ ಗುರುವಾರ. ಹೋಗಬಾರದು ಎಂದುಕೊಂಡೇ ಗಂಗಮ್ಮ ಸರ್ಕಲ್ಲಿಗೆ ಹೋದ. ಬಲಗಡೆಯ ಕಿಟಕಿ ಸಿಕ್ಕಿತು. ಹಂಪಿನಲ್ಲಿ ಬಸ್ಸು ನಿಧಾನವಾಯಿತು. ಸೀರೆ ಇತ್ತು, ಚೂಡಿದಾರ ಇತ್ತು. ನಡುವೆ ಬರೀ ತಂತಿ, ಅದರ ಮೇಲೆ ಖಾಲಿ ಕ್ಲಿಪ್ಪು ಎರಡು. ಹೇಳಿದವನು ಅವನೇ. ಅವಳು ಹೇಳಿದ ಹಾಗೆಯೇ ಕೇಳಿದ್ದಳು, ಕೋರ್ಟಿನಲ್ಲಿ ಕೇಳಿದ ಹಾಗೆಯೇ. ಹಾಗಿದ್ದೂ ಒಂದು ಮಾತಾದರೂ ಎದುರು ಆಡಬಾರದಿತ್ತೇ, ಒಂದು ವಾರವಾದರೂ ಬಿಡಬಾರದಿತ್ತೇ ಎಂದು ಒಳಗೇ ಹಲುಬಿದ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಇವನು ಕೂತೇ ಇದ್ದ. ಕಂಡಕ್ಟರ್ ಬಂದು, "ಲಾಸ್ಟ್ ಸ್ಟಾಪ್ ಸಾರ್, ಇಳಿಯಲ್ವಾ?" ಎಂದ. ಎಲ್ಲಿ ಇಳಿಯಬೇಕು ಎಂದು ಅವನಿಗೆ ನಿಜಕ್ಕೂ ತೋಚಲಿಲ್ಲ.

ಶನಿವಾರ ಹನ್ನೊಂದಕ್ಕೆ ಅವನು ಬೇಕರಿಯ ಪಕ್ಕದ ಮೆಟ್ಟಿಲು ಹತ್ತಿದ. ಹೊರಗಡೆ ಒಂದು ಜೊತೆ ಹೆಂಗಸರ ಚಪ್ಪಲಿ. ಎಡಗಾಲಿನದಕ್ಕೆ ಹೊಲಿಗೆ ಹಾಕಿಸಿದ್ದು ನೋಡಿ ಗುರುತು ಹತ್ತಿತು. ಒಳಗೆ ಮುಜಫ್ಫರ್ ಎದುರು ಕಲಾವತಿ ಕೂತಿದ್ದಳು. ಮೇಜಿನ ಮೇಲೆ ಮನೆಯ ಪತ್ರ, ಕೋರ್ಟಿನ ಆದೇಶ, ಅವಳ ಮಡಿಲಲ್ಲಿ ಒಂದು ಬಟ್ಟೆಯ ಚೀಲ. ನೋಡಿದರೆ ಬಹಳ ಹೊತ್ತಿನಿಂದ ಮಾತಾಡುತ್ತಿದ್ದಂತಿತ್ತು.

"ಕೂತ್ಕೊಳ್ಳಿ," ಎಂದರು ಮುಜಫ್ಫರ್. "ಇವರು ಹತ್ತಕ್ಕೇ ಬಂದ್ರು. ನೀವು ಇವರನ್ನ ಕೇಳಲೇ ಇಲ್ವಂತೆ."

"ಕೇಳೋಕೆ ಹೋಗಿದ್ದೆ ಸಾರ್..."

"ಹೇಳೋಕೆ ಬಂದಿದ್ರಿ," ಎಂದಳು ಕಲಾವತಿ. ಈಗ ಅವಳ ದನಿ ನಡುಗುತ್ತಿತ್ತು, ಅಳುವಿಗಲ್ಲ, ಸಿಟ್ಟಿಗೆ. "ನೋಡಿ ಸಾರ್, ಗ್ರಿಲ್ ಕಂಟ್ರಾಕ್ಟ್ ತಗೊಂಡಾಗ ನನ್ನ ಕೇಳ್ಲಿಲ್ಲ. ಸಾಲ ತಂದಾಗ ಕೇಳ್ಲಿಲ್ಲ. ಡಿವೋರ್ಸ್ ತಗೊಳ್ಳೋಣ ಅಂತ ಯಾವನೋ ಟೀ ಅಂಗಡಿಯೋನು ಹೇಳ್ದ, ಬಂದು ಹೇಳಿದ್ರು. ಇಲ್ಲ ಅನ್ನು ಅಂದ್ರು, ಇಲ್ಲ ಅಂದೆ. ಆ ಜಡ್ಜು ಆಸೆ ಇದೆಯಾ ಅಂತ ಕೇಳಿದ್ರು. ಹದಿನೇಳು ವರ್ಷ ಸಂಸಾರ ಮಾಡಿದೀನಿ, ನನ್ನ ಆಸೆ ಏನು ಅಂತ ಮೊದಲನೇ ಸಲ ಒಬ್ರು ಕೇಳಿದ್ದು, ಅದಕ್ಕೂ ಸುಳ್ಳು ಹೇಳ್ಬೇಕಾಯ್ತು. ಈಗ ಮನೆ ನಂಗಂತೆ, ಇವರು ಬೇಡ್ವಂತೆ. ಅದೂ ಇವರೇ ತೀರ್ಮಾನ ಮಾಡ್ಬಿಟ್ರು, ಬೀದೀಲಿ ನಿಂತ್ಕೊಂಡು!"

ಕೆಳಗೆ ಬೇಕರಿಯಲ್ಲಿ ಯಾರೋ ತಟ್ಟೆ ಜೋಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ಮೋನಿಷಾ?" ಎಂದ ನಂದಕುಮಾರ್.

"ನಿನ್ನೆ ಹೇಳ್ದೆ. ಅತ್ತಳು. ಅತ್ತು ಆದ್ಮೇಲೆ ಪುಸ್ತಕ ಎಲ್ಲಾ ಪೆಟ್ಟಿಗೆಗೆ ತುಂಬ್ತಾ ಕೂತಳು. ನಿಮಗಿಂತ ಅವಳಿಗೇ ಬೇಗ ಅರ್ಥ ಆಗುತ್ತೆ."

ಮುಜಫ್ಫರ್ ಎದ್ದು ಕಿಟಕಿಯ ಹತ್ತಿರ ಹೋಗಿ, ರಸ್ತೆಯಲ್ಲಿ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆ ಎಂಬಂತೆ ಕೆಳಗೆ ನೋಡುತ್ತ ನಿಂತರು. "ಕಾನೂನಿನ ಪ್ರಕಾರ ಇವರು ಇವತ್ತು ನಿಮಗೇನೂ ಅಲ್ಲ ನಂದಕುಮಾರ್," ಎಂದರು ಬೆನ್ನು ತಿರುಗಿಸಿಕೊಂಡೇ. "ಆದ್ರಿಂದ ಕೇಳ್ಬೇಕಾದ್ದನ್ನ ಮೊದಲಿಂದ ಕೇಳ್ಬೇಕಾಗುತ್ತೆ."

ನಂದಕುಮಾರ್ ಕೇಳಿದ. ಜೀವಮಾನದಲ್ಲಿ ಮೊದಲ ಸಲ, ಉತ್ತರ ಏನು ಬರುತ್ತದೋ ಗೊತ್ತಿಲ್ಲದೆ ಕೇಳಿದ. "ಮನೆ ಹೋಗುತ್ತೆ ಕಲಾ. ಕೋರ್ಟಲ್ಲಿ ಬೈಸ್ಕೋಬೇಕು. ಇರೋದು ಅಂಗಡಿ ಹಿಂದಿನ ರೂಮು ಒಂದೇ, ಅದೂ ಬಾಡಿಗೆ. ಮಳೆ ಬಂದ್ರೆ ಸೋರುತ್ತೆ. ನೀನು... ಬರ್ತೀಯಾ?"

ಅವಳು ತಕ್ಷಣ ಹೂಂ ಎನ್ನಲಿಲ್ಲ. ಚೀಲದೊಳಗೆ ಕೈ ಹಾಕಿ ಇಸ್ತ್ರಿ ಮಾಡಿ ಮಡಚಿದ ನೀಲಿ ಚೌಕಳಿಯ ಅಂಗಿಯನ್ನು ತೆಗೆದು ಅವನ ಮುಂದೆ ಇಟ್ಟಳು.

"ಹಾಕ್ಕೊಳ್ಳಿ. ಇಂಥ ಕೊಳಕು ಅಂಗೀಲಿ ಸಹಿ ಹಾಕೋಕೆ ಬಂದಿದೀರಲ್ಲ."

ನಂದಕುಮಾರ್ ಅಂಗಿಯನ್ನು ಬಿಚ್ಚಿ ಹಿಡಿದ. ಬಿಟ್ಟುಬರುವಾಗ ಅದು ಹೊಸ ಅಂಗಿ, ಯುಗಾದಿಗೆ ಹೊಲಿಸಿದ್ದು, ಎರಡು ಸಲವೂ ತೊಟ್ಟಿರಲಿಲ್ಲ. ಈಗ ನೀಲಿ ಬೂದು ಬಣ್ಣಕ್ಕೆ ತಿರುಗಿತ್ತು. ಕಾಲರಿನ ಅಂಚು ಎಳೆ ಬಿಟ್ಟಿತ್ತು. ತೋಳು ಎಷ್ಟು ತೆಳ್ಳಗಾಗಿತ್ತೆಂದರೆ ಆಚೆಗಿದ್ದ ತನ್ನ ಕೈಯೇ ಅವನಿಗೆ ಕಂಡಿತು.

"ನಾನು ಹಾಕ್ಕೊಂಡೇ ಇಲ್ವಲ್ಲ. ಹೆಂಗೆ ಸವೀತು?"

"ವಾರಾ ವಾರಾ ಒಗೆದ್ರೆ ಸವೀದೆ ಇನ್ನೇನಾಗುತ್ತೆ?" ಅವಳು ಮುಖ ಆ ಕಡೆ ತಿರುಗಿಸಿದಳು. "ಕಳ್ಳರಿಗಾದ್ರೆ ಒಂದ್ಸಲ ಒಗೆದು ನೇತಾಕಿದ್ರೆ ಸಾಕಿತ್ತು. ಕೊಳೆ ಇತ್ತಾ ಅದರಲ್ಲಿ? ಗುರುವಾರ ನೀವು ಬಸ್ಸಲ್ಲಿ ಬರೋದು ನಂಗೆ ಗೊತ್ತಿಲ್ಲ ಅನ್ಕೊಂಡ್ರಾ? ಬಲಗಡೆ ಕಿಟಕೀಲಿ, ಕತ್ತು ಆಚೆ ಹಾಕ್ಕೊಂಡು. ಹಂಪ್ ದಾಟೋವರೆಗೂ ನೀರಿನ ಟ್ಯಾಂಕ್ ಹಿಂದೆ ನಿಂತಿರ್ತಿದ್ದೆ."

ಎಪ್ಪತ್ತು ಗುರುವಾರ. ಅವನು ಅಂಗಿಯಲ್ಲಿ ಮುಖ ಹುದುಗಿಸಿಕೊಂಡ. ಸೋಪಿನ ವಾಸನೆ, ಬಿಸಿಲಿನ ವಾಸನೆ. ನಲವತ್ತಾರು ವರ್ಷದ ಗಂಡಸು ವಕೀಲರ ಕಛೇರಿಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತ. ಮುಜಫ್ಫರ್ ಕಿಟಕಿಯಿಂದ ತಿರುಗಲಿಲ್ಲ. ಅತ್ತು ಮುಗಿದ ಮೇಲೆ ಅವನು ಬಾಗಿಲ ಹಿಂದೆ ಹೋಗಿ ಅಂಗಿ ಬದಲಿಸಿಕೊಂಡು ಬಂದ. ಬಟನ್ ತಪ್ಪಾಗಿ ಹಾಕಿಕೊಂಡಿದ್ದ. ಕಲಾವತಿ ಎದ್ದು ಬಿಚ್ಚಿ ಸರಿಯಾಗಿ ಹಾಕಿದಳು.

"ಹಾಗಾದ್ರೆ ಎರಡನೇ ದಾರಿ," ಎಂದು ಮುಜಫ್ಫರ್ ಕುರ್ಚಿಗೆ ಮರಳಿ ಪೆನ್ನು ತೆಗೆದರು. "ಪಟ್ಟಿಯಲ್ಲಿ ಮೊದಲನೇ ಹೆಸರು?"

"ಅಕ್ಬರ್ ಪಾಷಾ ಅವರದು ಬರೀರಿ," ಎಂದಳು ಕಲಾವತಿ. "ಪಾಪ, ಒಂದು ದಿನವೂ ಬಂದು ಕೂಗ್ಲಿಲ್ಲ."

ಬರೆಯುತ್ತ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅವಳು ನಂದಕುಮಾರನ ಕಡೆ ಬಾಗಿ ಮೆಲ್ಲಗೆ ಕೇಳಿದಳು.

"ಆ ರೂಮಿನ ಹತ್ರ ಬಟ್ಟೆ ಒಣಗಾಕೋಕೆ ತಂತಿ ಇದೆಯಾ?"

"ಇಲ್ಲ," ಎಂದ ಅವನು. "ಇವತ್ತೇ ಕಟ್ತೀನಿ."